ಕಾವಲಿಗೆ ಕಟ್ಟಿದ ಪರದೆ

ರಾತ್ರಿ ಯಾರೋ ಬಾಗಿಲು ಬಡಿದರು. ತೆರೆದರೆ ಪಕ್ಕದ ಮನೆಯ ಸುಲ್ಮಾ.

"ದೋನ್ ಲಿಸಾಂದ್ರೋ, ನಾಳೆ ಸಂಜೆ ನಮ್ಮಮ್ಮನ್ನ ನಮ್ಮಂಗಡಿಗೇ ಊಟಕ್ಕೆ ಕರ್ಕೊಂಡ್ಬನ್ನಿ. ಮಾಡೋದು ಯಾರು ಅಂತ ಮಾತ್ರ ಕೇಳ್ಬೇಡಿ."

ಅಷ್ಟೇ ಹೇಳಿ ಹೊರಟುಹೋದಳು.

ಅವಳ ತಾಯಿ ಎದೆಲ್ಮಿರಾ ಹೂರಣದ ಅಕ್ಕಿರೊಟ್ಟಿ ಪುಪುಸಾ ಮಾರುತ್ತಿದ್ದ ಅಂಗಡಿ, ಆಕೆಯ ಮಣಿಕಟ್ಟು ಮುರಿದ ದಿನದಿಂದ ಮುಚ್ಚಿತ್ತು. ನಮ್ಮೂರು ಒಲೊಕುಯಿಲ್ಟಾದಲ್ಲಿ ಅಕ್ಕಿಹಿಟ್ಟನ್ನು ಆಕೆಯಷ್ಟು ನಯವಾಗಿ ತಟ್ಟುವವರಿಲ್ಲ. ಆ ಕೈ ಇನ್ನು ತಟ್ಟಲಾರದೆಂದು ವೈದ್ಯರು ಹೇಳಿದ್ದರು. ಬೇರೆಯವರ ಕೆಟ್ಟ ಪುಪುಸಾಕ್ಕೆ ತನ್ನ ಹೆಸರು ಅಂಟುವುದಕ್ಕಿಂತ ಕಾವಲಿಯನ್ನೇ ಮಾರಿ ಅಂಗಡಿ ಮುಗಿಸುವುದು ಮೇಲೆಂದು ಆಕೆ ನಿಶ್ಚಯಿಸಿದ್ದಳು. ಕೊಳ್ಳಲು ಎದುರಂಗಡಿಯ ಓಫೆಲಿಯಾ ತುದಿಗಾಲಲ್ಲಿ ನಿಂತಿದ್ದಳು.

ಮರುಸಂಜೆ ಎದೆಲ್ಮಿರಾಳನ್ನು ಕರೆದುಕೊಂಡು ಹೋದಾಗ ಮೇಜುಗಳೆಲ್ಲ ತುಂಬಿದ್ದವು. ಬೀದಿಗೆ ಮುಖಮಾಡಿರಬೇಕಾದ ಕಾವಲಿಗೆ ಪರದೆ ಕಟ್ಟಿತ್ತು. ಮರೆಯಲ್ಲಿ ಪುಪುಸಾ ತಟ್ಟಿದ್ದನ್ನು ನಮ್ಮೂರು ಎಂದೂ ಕಂಡಿರಲಿಲ್ಲ. ಪರದೆಯಾಚೆ ಅಂಗೈಗಳು ಲಯ ತಪ್ಪದೆ ಸದ್ದು ಮಾಡುತ್ತಿದ್ದವು. ಯಾರಿರಬಹುದು? ನಾದಿನಿಯೇ, ಸೊಸೆಯೇ, ಕದ್ದು ಬಂದ ಓಫೆಲಿಯಾಳೇ? ತಟ್ಟುವುದು ಹೆಂಗಸರ ಕೆಲಸ; ಎದ್ದ ಹೆಸರುಗಳೂ ಹೆಂಗಸರವೇ. ಅಷ್ಟರಲ್ಲಿ ಓಫೆಲಿಯಾ ಬೀದಿಯಿಂದ ಬಂದು ನಮ್ಮ ಪಕ್ಕದ ಮೇಜಿಗೇ ಕುಳಿತಳು.

ಎದೆಲ್ಮಿರಾಳ ಮುಖ ಬಿಗಿದಿತ್ತು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕೋಸು ಹೆಚ್ಚಿದ ಗಂಡ, ಇವತ್ತೇ ಕೋಸು ತರಲು ಸಂತೆಗೆ ಹೋಗಿ ಕೂತನಲ್ಲ ಎಂದು ಗೊಣಗಿದಳು. ಮೇಜಿನ ಮೇಲೆ ಹುಳಿಕೋಸಿನ ಜಾಡಿ ಕಂಠಮಟ್ಟ ತುಂಬಿತ್ತು. ಅದರ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ.

ಸುಲ್ಮಾ ತಟ್ಟೆಗಳನ್ನು ತಂದಿಟ್ಟಳು. ಎದೆಲ್ಮಿರಾ ಎಡಗೈಯಲ್ಲೇ ಪುಪುಸಾ ಮುರಿದಳು. ಹೂರಣದ ಲೊರೋಕೋ ಮೊಗ್ಗಿನ ಘಮ ಹಬೆಯೊಂದಿಗೆ ಎದ್ದಿತು. ಚೀಸ್ ಎಳೆಯೆಳೆಯಾಗಿ ಇಳಿಯಿತು. ಹುಳಿಕೋಸು ಸೋಕಿಸದೆ ಬರಿದೇ ಒಂದು ತುತ್ತು ತಿಂದಳು. ಸುತ್ತಲಿನ ಮೇಜುಗಳವರು ಅವಳತ್ತ ತಿರುಗಿದರು. ಅವಳು ಎರಡನೆಯದಕ್ಕೆ ಕೈಹಾಕಿದಳು.

"ಏನೇ, ಕಾವಲಿ ಯಾವತ್ತು ಕಳಿಸ್ತೀಯಾ?" ಎಂದು ಓಫೆಲಿಯಾ ಕೆಣಕಿದಳು.

"ಕಳ್ಸಲ್ಲ. ಬೇಕಾದ್ರೆ ನಿನ್ನದನ್ನೇ ತಗೊಂಡ್ಬಾ, ಪರದೆ ಹಿಂದಿರೋಳಿಗೆ ಒಂದು ಕಾವಲಿ ಸಾಲಲ್ಲ."

ಆಮೇಲೆ ನನ್ನತ್ತ ತಿರುಗಿ, ಪುಪುಸಾದ ಅಂಚನ್ನು ದೀಪಕ್ಕೆ ಹಿಡಿದಳು.

"ನೋಡಿ ದೋನ್ ಲಿಸಾಂದ್ರೋ, ಅಂಚೂ ನಡುವೂ ಒಂದೇ ತೆಳು. ಹೂರಣ ಒಂದು ಚೂರೂ ಹೊರಗೆ ಬಂದಿಲ್ಲ. ನನ್ನ ಕೈಯನ್ನ ಪಕ್ಕದಲ್ಲೇ ನಿಂತು ನೋಡಿದೋರಿಗೆ ಮಾತ್ರ ಇದು ಬರತ್ತೆ. ಆದ್ರೆ ನನ್ನ ಪಕ್ಕ ಯಾವತ್ತು ಯಾವ ಹೆಂಗ್ಸು ನಿಂತಿದ್ಳು?"

ಅವಳ ಕಣ್ಣು ತುಂಬಿದ ಜಾಡಿಯ ಮೇಲೆ ನಿಂತಿತು. ನಿಧಾನವಾಗಿ ಎದ್ದು ಹೋಗಿ, ನೆಟ್ಟಗಿದ್ದ ಕೈಯಿಂದ ಪರದೆ ಸರಿಸಿದಳು.

ಅವಳದೇ ಏಪ್ರನ್ ಕಟ್ಟಿಕೊಂಡು, ಮೊಣಕೈವರೆಗೆ ಹಿಟ್ಟು ಮೆತ್ತಿಸಿಕೊಂಡು ನಿಂತಿದ್ದವನು ಅವಳ ಗಂಡ ಬೌದಿಲಿಯೋ.