ಹಳ್ಳದ ಜಿಲೇಬಿ ಮೀನು

ಊರ ಚರಂಡಿಯೆಲ್ಲ ಬಂದು ಕೂಡುವ ಆ ಹಳ್ಳದಲ್ಲಿ ಗಾಳ ಹಾಕುತ್ತಿದ್ದವರು ಇಬ್ಬರೇ. ಒಬ್ಬಳು ಹಳಿಯಾಳದ ಟೇಲರಿಂಗ್ ಅಂಗಡಿಯ ಮಾರ್ಗರೀಟಾ, ಇನ್ನೊಬ್ಬಳು ಅದೇ ಅಂಗಡಿಯಲ್ಲಿ ಗುಂಡಿ ಹಚ್ಚುವ ರಾಜಶ್ರೀ. ಹಿಡಿದದ್ದನ್ನು ಇಬ್ಬರೂ ತಿನ್ನುವಂತಿರಲಿಲ್ಲ. ರಾಜಶ್ರೀಯ ಮನೆಯ ಹೊಸ್ತಿಲನ್ನು ತತ್ತಿ ಕೂಡ ದಾಟಿದ್ದಿಲ್ಲ. ಮಾರ್ಗರೀಟಾಗೆ ಮೀನಿಲ್ಲದೆ ಊಟ ಸೇರದು, ಆದರೂ ಈ ಹಳ್ಳದ್ದನ್ನು ಬೆಕ್ಕಿಗೂ ಹಾಕುತ್ತಿರಲಿಲ್ಲ. ಹಿಡಿಯುವುದು, ನೋಡುವುದು, ಬಿಡುವುದು. ಭಾನುವಾರದ ಆಟ.

ಬಿಡುವ ಕೆಲಸ ಮಾತ್ರ ಯಾವಾಗಲೂ ಮಾರ್ಗರೀಟಾಳದೇ. ರಾಜಶ್ರೀ ಗಾಳ ಎಳೆದು ಮುಖ ತಿರುಗಿಸಿಬಿಡುತ್ತಿದ್ದಳು.

"ಇವತ್ತ ನಿನ್ನ ಮೀನ ನೀನ ಬಿಡಿಸಬೇಕು," ಅಂದಳು ಮಾರ್ಗರೀಟಾ. "ನನ್ನ ಕರದಿ ಅಂದ್ರ ಮುಂದಿನ ವಾರದಿಂದ ಗಾಳದ ಕೋಲು ಒಂದ ತರ್ತೇನಿ, ನಂದಷ್ಟ. ನೀ ದಂಡಿಗೆ ಕುಂತು ಶೇಂಗಾ ತಿನ್ನು."

ರಾಜಶ್ರೀ ಹೂಂ ಅಂದಳು. ವಾರವಿಡೀ ಈ ಭಾನುವಾರಕ್ಕಾಗಿಯೇ ಕಾದವಳು ಮತ್ತೇನು ಹೇಳಿಯಾಳು? ಬಿಳಿ ನೊರೆ ಒಡೆಯುವ ಕಡೆ ಸಣ್ಣ ಗುಳ್ಳೆಗಳು ಏಳುವುದನ್ನು ಆಗಲೇ ನೋಡಿಟ್ಟುಕೊಂಡಿದ್ದಳು. ಕೊಕ್ಕೆಗೆ ಚಪಾತಿ ಹಿಟ್ಟಿನ ಉಂಡೆ ಚುಚ್ಚಿ ಅಲ್ಲಿಗೇ ಎಸೆದಳು.

ತೇಲುತ್ತಿದ್ದ ಬೆಂಡು ಗಪ್ಪನೆ ಮುಳುಗಿತು.

"ಅಕ್ಕಾ, ಹೋತು."

"ಹೋಗಲಿ. ನಾ ಇಲ್ಲಿ ಇಲ್ಲ ಅಂತ ತಿಳಕೋ." ಮಾರ್ಗರೀಟಾ ಬೆನ್ನು ತಿರುಗಿಸಿ ಕುಳಿತಳು.

ಕೋಲು ಬಾಗಿತು. ದಾರ ಪ್ಲಾಸ್ಟಿಕ್ ಚೀಲಗಳ ಗುಡ್ಡೆಯ ಕಡೆಗೆ ಓಡಿತು. ಸಿಕ್ಕಿಕೊಂಡರೆ ಮುಗಿಯಿತು ಎಂದು ರಾಜಶ್ರೀ ದಂಡೆಗುಂಟ ಅದರ ಹಿಂದೆಯೇ ಓಡಿದಳು. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಉಸಿರು ಬಿಗಿಹಿಡಿದು ಎಳೆದಳು. ಕಪ್ಪು ನೀರು ಸೀಳಿ, ಅಂಗೈ ಅಗಲದ ಜಿಲೇಬಿ ಮೀನು ಹುಲ್ಲಿನ ಮೇಲೆ ಬಂದು ಬಿತ್ತು. ಬೆನ್ನಿನ ಮುಳ್ಳುಗಳು ನೆಟ್ಟಗೆ ನಿಂತಿದ್ದವು.

"ಅಕ್ಕಾ, ನನ್ನ ನೋಡಾಕ ಹತ್ತೇತಿ."

"ಕನ್ಯಾ ನೋಡಾಕ ಬಂದಿರಬೇಕು. ತಲಿ ಕಡಿಂದ ಕೈ ಸವರು, ಮುಳ್ಳ ಮಲಗತಾವು."

ಕೈ ಚಾಚಿದಳು, ಹಿಂದಕ್ಕೆಳೆದಳು. ಮತ್ತೆ ಚಾಚಿದಳು. ಮುಟ್ಟಿದರೆ ತಣ್ಣಗೆ, ಆ ತಣ್ಣನೆಯೊಳಗೆ ಗಟ್ಟಿ ಜೀವ ಮಿಸುಕಿತು. ಮುಳ್ಳುಗಳು ಅಂಗೈಯಡಿ ಒಂದೊಂದಾಗಿ ಮಲಗಿದವು. ತಪ್ಪಿದ ಹೊಲಿಗೆ ಬಿಚ್ಚುವಾಗಿನಂತೆ ಕೊಕ್ಕೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕಿದಳು. ಬಿಟ್ಟಿತು. ನೀರಿಗಿಳಿಸಿ ಬೆರಳು ಸಡಿಲಿಸುತ್ತಲೇ ಮೀನು ಬಾಲ ಬೀಸಿ, ಅವಳ ಮುಖಕ್ಕೆಲ್ಲ ಆ ನಾರುವ ನೀರು ಸಿಡಿಸಿ ಮಾಯವಾಯಿತು.

ರಾಜಶ್ರೀ ನಕ್ಕಳು. ಅಂಗಡಿಯಲ್ಲಿ ಯಾರೂ ಎಂದೂ ಕೇಳಿರದಷ್ಟು ಜೋರಾಗಿ.

ಮಾರ್ಗರೀಟಾ ತಿರುಗಿ ನೋಡಿದಳು. "ನೀರಾಗ ಬಿದ್ದಿಯೇನ?"

"ಹಿಟ್ಟಿನ ಡಬ್ಬಿ ಈಕಡೆ ಕೊಡ."

"ಮದಲ ಕೈ ತೊಳಕೋ."

"ಎಲ್ಲಿ, ಈ ಹಳ್ಳದ ನೀರಾಗೇನು?" ಅನ್ನುತ್ತಲೇ ರಾಜಶ್ರೀ ಡಬ್ಬಿಯನ್ನು ತಾನೇ ಕಸಿದುಕೊಂಡಳು.