ಮಾಸ್ತಪ್ಪಣ್ಣ ಹೇಳದ ಮಾತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ಸಿಟ್ಟು ಇಲ್ಲದೇ ಹೋಗಿದ್ದರೆ ನಾನು ಈ ಕೆಲಸಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ.

ನನ್ನ ಹೆಸರು ಮಂಜುಶ್ರೀ. ಖಾಸಗಿ ಬಸ್‌ಸ್ಟ್ಯಾಂಡಿನ ಎದುರಿಗೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಅಂಗಡಿಯಲ್ಲಿ ಗಡಿಯಾರ ಇಲ್ಲ, ಬೇಕಾಗಿಯೂ ಇರಲಿಲ್ಲ. ಸ್ಟ್ಯಾಂಡಿನ ಮೈಕ್ ರೂಮಿನಿಂದ ಮಾಸ್ತಪ್ಪಣ್ಣ "ಕೋಣಂದೂರು ಮಾರ್ಗವಾಗಿ ತೀರ್ಥಹಳ್ಳಿ" ಅಂತ ಕೂಗಿದರೆ ಸಂಜೆ ಐದೂ ಹತ್ತು, ನಾನು ಚಹಾಕ್ಕೆ ಏಳುವ ಹೊತ್ತು. ಮೂವತ್ತು ವರ್ಷ ಆ ರೂಮಿನಲ್ಲಿ ಕೂತು ಬಸ್ಸುಗಳನ್ನು ಕೂಗಿದ ಮನುಷ್ಯ ಅವರು.

ಹೋದ ವರ್ಷ ಅವರ ಗಂಟಲಲ್ಲಿ ಗಂಟು ಕಂಡಿತು. ಆಪರೇಷನ್ ಆದರೆ ಮೊದಲಿನ ದನಿ ಬರುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅವರ ಹೆಂಡತಿ ಮೀನಾಕ್ಷಮ್ಮ ಗಟ್ಟಿ ಹೆಂಗಸು. ಆಸ್ಪತ್ರೆಗೆ ಹೋಗುವ ಮುಂಚೆ ಗಂಡನನ್ನು ಎರಡು ದಿನ ಕೂರಿಸಿ, ಎಲ್ಲ ಬಸ್ಸುಗಳ ಕೂಗನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿಬಿಟ್ಟರು. ಒಟ್ಟು ಎಂಬತ್ಮೂರು. ಆಪರೇಷನ್ ಆಯಿತು, ಮನುಷ್ಯ ಉಳಿದರು, ದನಿ ಪಿಸುಮಾತಿಗೆ ಇಳಿಯಿತು.

ಆರು ತಿಂಗಳು ಮೈಕ್ ಸುಮ್ಮನಿತ್ತು. ಆಮೇಲೆ ಬಸ್ ಮಾಲೀಕರ ಸಂಘದ ಕಾರ್ಯದರ್ಶಿ ಗಿರಿಧರಣ್ಣ ಎಲ್ಲಿಂದಲೋ ತಾನಾಗಿ ಬಸ್ಸು ಕೂಗುವ ಒಂದು ರೆಡಿಮೇಡ್ ಡಬ್ಬ ತರಿಸುವ ಮಾತು ತೆಗೆದರು. ಅದರಲ್ಲಿ ಯಾರೋ ಹೆಣ್ಣುಮಗಳ ದನಿ. ಸ್ಯಾಂಪಲ್ ನಾನೂ ಕೇಳಿದೆ. ಕೋಣಂದೂರು ಅನ್ನುವುದನ್ನು ಅವಳು ಯಾವುದೋ ಮಾತ್ರೆಯ ಹೆಸರು ಓದಿದ ಹಾಗೆ ಓದುತ್ತಿದ್ದಳು. ಪಕ್ಕದಲ್ಲಿ ಮಾಸ್ತಪ್ಪಣ್ಣ ಕೈಕಟ್ಟಿಕೊಂಡು ನೆಲ ನೋಡುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಈ ಡಬ್ಬ ಎಂತಕ್ಕೆ ಗಿರಿಧರಣ್ಣ? ಇವರ ದನಿಯೇ ಇದ್ಯಲ್ಲ. ನಾನು ಮಾಡಿಕೊಡ್ತೀನಿ" ಅಂದುಬಿಟ್ಟೆ.

"ಸೋಮವಾರ ಸಂಜೆ ತೋರ್ಸು ಹಂಗಾರೆ" ಅಂದರು ಅವರು. "ಆಗ್ಲಿಲ್ಲ ಅಂದ್ರೆ ಡಬ್ಬ ಬರುತ್ತೆ, ಮೈಕ್ ರೂಮಿಗೆ ಬೀಗ ಬೀಳುತ್ತೆ."

ಕೈಯಲ್ಲಿ ಆರು ದಿನ ಇತ್ತು. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಲ್ಯಾಪ್‌ಟಾಪನ್ನು ಒರೆಸಿ ಮೈಕ್ ರೂಮಿನಲ್ಲಿಟ್ಟು ಸ್ಕ್ರಿಪ್ಟ್ ಬರೆಯಲು ಕೂತೆ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಬರೆದುಕೊಡುವ ಕೆಲಸದ ಪಟ್ಟಿ. ನನ್ನ ಸ್ಕ್ರಿಪ್ಟಿಗೆ ದನಿ ನುಡಿಸಲು ತಾನಾಗಿ ಬರುವುದಿಲ್ಲ. ಕಪ್ಪು ಪರದೆಯಲ್ಲಿ ಹೆಸರು ಟೈಪ್ ಮಾಡಿದರೆ ಓಡುವ ಸಣ್ಣ ಸಣ್ಣ ಪ್ರೋಗ್ರಾಂಗಳು ಇರುತ್ತವಲ್ಲ, ಅವುಗಳಲ್ಲಿ ಒಂದನ್ನು ಕರೆದು ಅದರಿಂದ ಮಾಡಿಸುತ್ತದೆ. "ನಮ್ಮ ಗಿರಿಧರಣ್ಣನ ಹಂಗೇ, ತಾನು ಕೂತು ಬೇರೆಯವ್ರಿಂದ ಮಾಡ್ಸೋದು" ಅಂತ ನಾನು ವಿವರಿಸಿದಾಗ ಮಾಸ್ತಪ್ಪಣ್ಣನಿಗೆ ತಕ್ಷಣ ಅರ್ಥವಾಯಿತು.

ಗುರುವಾರ ಮಧ್ಯಾಹ್ನ ಮೊದಲ ಸಲ ಓಡಿಸಿದೆವು. ಥೂ, ಆ ಕರ್ಮವನ್ನು ಏನು ಹೇಳಲಿ. ಸಾಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ, ನಗರ, ನಾಲ್ಕೂ ಕೂಗು ಒಂದರ ಮೇಲೊಂದು ಬಿದ್ದು, ನಾಲ್ಕು ಜನ ಮಾಸ್ತಪ್ಪಣ್ಣಂದಿರು ಜಗಳಕ್ಕೆ ನಿಂತ ಹಾಗೆ ಸ್ಪೀಕರು ಅರಚಿತು. ಹೊರಗೆ ಕಂಡಕ್ಟರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಕೀಬೋರ್ಡನ್ನು ಎತ್ತಿ ಕುಕ್ಕಿದೆ.

ಮಾಸ್ತಪ್ಪಣ್ಣ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ನಾನು ಒಂದು ಕೂಗಿ ಮುಗ್ಸಿ, ಉಸ್ರು ತಗಂಡು, ಆಮೇಲೆ ಇನ್ನೊಂದು ಕೂಗ್ತಿದ್ದೆ ತಂಗಿ. ನಿನ್ನ ಪಟ್ಟಿಗೆ ಉಸ್ರೇ ಇಲ್ಲ."

ಅಷ್ಟೇ ಆಗಿತ್ತು ತಪ್ಪು. ನನ್ನ ಸ್ಕ್ರಿಪ್ಟು ಆ ಪ್ರೋಗ್ರಾಮನ್ನು ಕರೆದು, ಅದು ಕೆಲಸ ಮುಗಿಸಿತೋ ಇಲ್ಲವೋ ನೋಡದೆ ಮುಂದಿನ ಸಾಲಿಗೆ ಹಾರುತ್ತಿತ್ತು. ಕಾಯಬೇಕು ಅಂತ ಬರೆದೆ. ಕರೆದ ಪ್ರೋಗ್ರಾಂ ಮುಗಿಸಿ ಹೋಗುವಾಗ ಒಂದು ಅಂಕಿ ಹೇಳಿ ಹೋಗುತ್ತದೆ, ಅದನ್ನೂ ನೋಡು ಅಂತ ಇನ್ನೊಂದು ಸಾಲು ಸೇರಿಸಿದೆ. ಸೊನ್ನೆ ಅಂದರೆ ಕೆಲಸ ಸರಿಯಾಯಿತು, ಬೇರೆ ಅಂಕಿ ಬಂದರೆ ಎಲ್ಲೋ ಎಡವಟ್ಟು.

"ಸೊನ್ನೆ ಬಂದ್ರೆ ಪಾಸಾ?" ಅಂತ ಮಾಸ್ತಪ್ಪಣ್ಣ ಹುಬ್ಬೇರಿಸಿದರು. "ಹಂಗಾರೆ ನಾನು ಶಾಲೆ ಬಿಟ್ಟಿದ್ದೇ ತಪ್ಪಾಯ್ತು."

ಸೋಮವಾರ ಬಂತು. ಮಧ್ಯಾಹ್ನ ಎರಡು ಗಂಟೆಯಿಂದ ಒಂದೊಂದೇ ಬಸ್ಸು, ಹೊತ್ತಿಗೆ ಸರಿಯಾಗಿ, ಅದೇ ಹಳೇ ದನಿಯಲ್ಲಿ. ಆರು ತಿಂಗಳ ಮೇಲೆ ಆ ದನಿ ನೆಟ್ಟಗೆ ಕೇಳಿ ಹೂವಿನಂಗಡಿಯವಳು ಬುಟ್ಟಿ ಬಿಟ್ಟು ಎದ್ದು ನಿಂತಳು. ಕ್ಯಾಂಟೀನಿನವರು ಓಡಿಬಂದು ಕಿಟಕಿಯಲ್ಲಿ ಇಣುಕಿ, ಬಾಯಿ ಮುಚ್ಚಿ ಕೂತ ಮಾಸ್ತಪ್ಪಣ್ಣನನ್ನು ನೋಡಿ ಕಣ್ಣುಕಣ್ಣು ಬಿಟ್ಟರು. ನನಗಂತೂ ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಾಲ್ಕು ಗಂಟೆಗೆ ಗಿರಿಧರಣ್ಣ ಬಂದರು. ಎರಡು ಕೂಗು ಕೇಳಿ ತಲೆಯಾಡಿಸಿದರು. ಆಮೇಲೆ ಕೊಕ್ಕೆ ಹಾಕಿದರು. "ಇವತ್ತಿಂದ ಸಿಗಂದೂರಿಗೆ ಹೊಸ ಬಸ್ಸು ಬಿಟ್ಟಿದೀವಿ, ಹೊಳೆಬಾಗಿಲಿನ ಹೊಸ ಸೇತುವೆ ಮೇಲೆ. ನಾಲ್ಕೂ ನಲವತ್ತಕ್ಕೆ ಹೊರಡುತ್ತೆ. ಅದನ್ನ ಕೂಗ್ಸು ನೋಡಣ."

ರೆಕಾರ್ಡ್ ಮಾಡುವಾಗ ಆ ಬಸ್ಸು ಎಲ್ಲಿತ್ತು? ಎಂಬತ್ಮೂರರಲ್ಲಿ ಅದು ಇರಲಿಲ್ಲ.

"ಹೊಸ ಬಸ್ಸು ಬಂದಾಗೆಲ್ಲ ಎಂತ ಮಾಡ್ತೀಯ ಮಾರಾಯ್ತಿ? ದನಿ ಎಲ್ಲಿಂದ ತರ್ತೀಯ?" ಅಂದರು ಗಿರಿಧರಣ್ಣ. ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಅರ್ಧ ಗಂಟೆ ಕೊಡಿ, ಹೊರಗೆ ಕೂತ್ಕೊಳಿ" ಅಂದೆ. ಹಾಗಂದಾಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ.

ಮಾಸ್ತಪ್ಪಣ್ಣ ನನ್ನ ತೋಳು ಜಗ್ಗಿದರು. "ಹನ್ನೆರಡನೇದು ಹಾಕು" ಅಂದರು ಪಿಸುದನಿಯಲ್ಲಿ. ಹಾಕಿದೆ. 'ಸಿಗಂದೂರಿಗೆ ಹೋಗುವವರು ಸಾಗರದಲ್ಲಿ ಇಳಿದು ಹೊಳೆಬಾಗಿಲು ಬಸ್ಸು ಹತ್ತಬೇಕು.' ಸಿಗಂದೂರಿಗೆ ಅನ್ನುವಾಗ ಅವರು ಬೆರಳೆತ್ತಿದರು. ನನಗೆ ಮಿಂಚು ಹೊಡೆದ ಹಾಗಾಯಿತು. ದನಿಯನ್ನು ಕತ್ತರಿಸುವುದಕ್ಕೆ, ತುಂಡುಗಳನ್ನು ಜೋಡಿಸುವುದಕ್ಕೆ ಬೇರೊಂದು ಪ್ರೋಗ್ರಾಂ ಇದೆಯಲ್ಲ. ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿಗೆ ಅಂತ ಬರೆದುಕೊಟ್ಟರೆ ನನ್ನ ಸ್ಕ್ರಿಪ್ಟು ಅದನ್ನೂ ಕರೆದು ಮಾಡಿಸುತ್ತದೆ.

ಮತ್ತೆ ಶುರುವಾಯಿತು ನೋಡಿ. ಎಂಬತ್ಮೂರು ಕೂಗೂ ಅವರಿಗೆ ಬಾಯಿಪಾಠ. ಹನ್ನೆರಡರಿಂದ 'ಸಿಗಂದೂರಿಗೆ ಹೋಗುವ', 'ಹೊಳೆಬಾಗಿಲು'. ತೀರ್ಥಹಳ್ಳಿಯ ಒಂದು ಬಸ್ಸಿನ ಕೂಗಿನಲ್ಲಿ 'ಸೇತುವೆ ಮೇಲೆ ನಿಲುಗಡೆ ಇಲ್ಲ' ಅಂತ ಕೂಗಿದ್ದರು, ಅಲ್ಲಿಂದ 'ಸೇತುವೆ ಮೇಲೆ'. ರಿಪ್ಪನ್‌ಪೇಟೆಯಿಂದ 'ಬಸ್ಸು ಹೊರಡಲಿದೆ'. ಅವರು ಬೆರಳೆತ್ತುವುದು, ನಾನು ಸೆಕೆಂಡು ಬರೆಯುವುದು. ಮೊದಲ ಸಲ ಜೋಡಿಸಿದಾಗ ಸೊನ್ನೆ ಬರಲಿಲ್ಲ, ಒಂದು ಫೈಲಿನ ಹೆಸರನ್ನು ತಪ್ಪು ಬರೆದಿದ್ದೆ. ಎರಡನೇ ಸಲ ಸೊನ್ನೆ ಬಂತು, ಆದರೆ ಸಿಗಂದೂರಿನ ಬಾಲ ತುಂಡಾಗಿತ್ತು. ನಾಲ್ಕೂ ಮೂವತ್ತೆಂಟಕ್ಕೆ ಮೂರನೇ ಸಲ.

ಸ್ಪೀಕರು ನುಡಿಯಿತು. "ಹೊಳೆಬಾಗಿಲು ಸೇತುವೆ ಮೇಲೆ, ಸಿಗಂದೂರಿಗೆ ಹೋಗುವ ಬಸ್ಸು ಹೊರಡಲಿದೆ."

ಹತ್ತು ಹನ್ನೆರಡು ಜನ ಚೀಲ ಎತ್ತಿಕೊಂಡು ಆ ಬಸ್ಸಿನ ಕಡೆ ನಡೆದರು. ಅವರಿಗೇನು, ಮಾಸ್ತಪ್ಪ ಕೂಗಿದ, ಹೊರಟರು. ನಾನು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. ಮಾಸ್ತಪ್ಪಣ್ಣ ಮಾತ್ರ ಸ್ಪೀಕರನ್ನೇ ನೋಡುತ್ತಿದ್ದರು.

"ನಾನು ಇದನ್ನ ಜನ್ಮದಲ್ಲಿ ಹೇಳಿಲ್ಲ ತಂಗಿ" ಅಂದರು.

ಗಿರಿಧರಣ್ಣ ಒಳಗೆ ಬಂದು ಬೆನ್ನು ತಟ್ಟಿದರು. "ಡಬ್ಬ ಬೇಡ, ಇದೇ ಇರ್ಲಿ. ಪಸಂದಾಗಿದೆ" ಅಂದರು. ಆಮೇಲೆ ಮಾಸ್ತಪ್ಪಣ್ಣನ ಕಡೆ ತಿರುಗಿ ಪ್ರೀತಿಯಿಂದಲೇ ಹೇಳಿದರು. "ನೀನಿನ್ನು ನಾಳೆಯಿಂದ ಬರೋದು ಬೇಡ ಮಾಸ್ತಪ್ಪ. ದನಿ ಇಲ್ಲೇ ಇರುತ್ತೆ. ನೀನು ಮನೇಲಿ ಆರಾಮಾಗಿರು."

ಮಾಸ್ತಪ್ಪಣ್ಣ ಎದ್ದು ಚಪ್ಪಲಿ ಹುಡುಕತೊಡಗಿದರು. ನನಗೆ ತಲೆ ಕೆಟ್ಟುಹೋಯಿತು. ಈ ಮನುಷ್ಯನನ್ನು ಮನೆಗೆ ಕಳಿಸಲಿಕ್ಕೇ ನಾನು ಆರು ದಿನ ಒದ್ದಾಡಿದ್ದೇ? ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಐದೂ ಹತ್ತಾಯಿತು. ಸ್ಕ್ರಿಪ್ಟು ಕಂಪ್ಯೂಟರಿನ ಗಡಿಯಾರ ನೋಡಿ ತನ್ನ ಕೆಲಸ ಮಾಡಿತು. "ಕೋಣಂದೂರು ಮಾರ್ಗವಾಗಿ ತೀರ್ಥಹಳ್ಳಿ. ಎರಡನೇ ಅಂಕಣದಲ್ಲಿರುವ ಬಸ್ಸು ಈಗ ಹೊರಡಲಿದೆ."

ಹೊರಗೆ ಜನ ಬಸ್ಸು ಹತ್ತಿದ ಸದ್ದಿಗೆ ಮಾಸ್ತಪ್ಪಣ್ಣ ಚಪ್ಪಲಿ ಹುಡುಕುವುದು ಬಿಟ್ಟು ಕಿಟಕಿಯಿಂದ ಹೊರಗೆ ನೋಡಿದರು. ನೋಡಿದ್ದೇ, ಬರಿಗಾಲಲ್ಲಿ ಓಡಿದರು.

ತೀರ್ಥಹಳ್ಳಿ ಬಸ್ಸು ಇನ್ನೂ ಬಂದೇ ಇರಲಿಲ್ಲ. ಎರಡನೇ ಅಂಕಣದಲ್ಲಿ ನಿಂತಿದ್ದದ್ದು ಸಾಗರದ ಬಸ್ಸು, ಅದೂ ಹೊರಟು ಚಲಿಸುತ್ತಿತ್ತು. ಮಾಸ್ತಪ್ಪಣ್ಣ ಅದರ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತುಬಿಟ್ಟರು. ಡ್ರೈವರು ಬ್ರೇಕು ಒತ್ತಿದ. ನಾನೂ ಗಿರಿಧರಣ್ಣನೂ ಹಿಂದೆಯೇ ಓಡಿದೆವು. ಮಾಸ್ತಪ್ಪಣ್ಣ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿದ್ದ ಒಬ್ಬ ಅಜ್ಜಿಯನ್ನು ಕೈಹಿಡಿದು ಇಳಿಸುತ್ತಿದ್ದರು. ಕೋಣಂದೂರಿನ ಕನ್ನಮ್ಮ, ತಿಂಗಳಿಗೊಮ್ಮೆ ಇಲ್ಲಿನ ಆಸ್ಪತ್ರೆಗೆ ಬರುವ ಮುದುಕಿ. ಓದಲು ಬರೆಯಲು ಬರುವುದಿಲ್ಲ. ಅವಳ ಹಿಂದೆ ಇನ್ನೂ ಮೂವರು ಗೊಣಗುತ್ತ ಇಳಿದರು.

ಕನ್ನಮ್ಮ ಔಷಧಿ ಚೀಲವನ್ನು ಎದೆಗೆ ಒತ್ತಿಕೊಂಡು ಮಾಸ್ತಪ್ಪಣ್ಣನ ಮುಖ ನೋಡಿದಳು. "ಬೋರ್ಡು ನಂಗೆ ಗೊತ್ತಾಗಲ್ಲ. ನಿನ್ನ ದನಿ ಕೇಳಿ ಹತ್ತೋದು ನಾನು. ನೀನೇ ಹೇಳ್ದೆ ಅಲ್ವನ ಮಾಸ್ತಪ್ಪ?"

"ನಾನು ಹೇಳಿಲ್ಲ ಕನ್ನಮ್ಮ" ಅಂದರು ಮಾಸ್ತಪ್ಪಣ್ಣ. ಬಸ್ಸಿನ ಸದ್ದಿನಲ್ಲಿ ಅದು ಎದುರಿಗಿದ್ದ ಅವಳಿಗೇ ಕೇಳಿಸಲಿಲ್ಲ, ತುಟಿ ನೋಡಿ ನನಗೆ ತಿಳಿಯಿತು.

ಅವರು ಗಿರಿಧರಣ್ಣನ ಕಡೆ ತಿರುಗಿದರು. ಪಿಸುಮಾತೇ, ಆದರೆ ಅಷ್ಟರಲ್ಲಿ ಡ್ರೈವರು ಇಂಜಿನ್ ಆರಿಸಿದ್ದರಿಂದ ನನಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. "ಮೂವತ್ತು ವರ್ಷದಲ್ಲಿ ಬಸ್ಸು ಕಣ್ಣಿಗೆ ಕಾಣದೆ ಒಂದಿನ ಕೂಗಿಲ್ಲ ನಾನು. ನಾನು ನೋಡ್ದೇ ಇದ್ದದ್ದನ್ನ ನನ್ನ ದನಿ ಹೇಳೋದಾದ್ರೆ, ಅದನ್ನ ಅಳಿಸಿಬಿಡಿ. ಆ ಡಬ್ಬನೇ ತನ್ನಿ."

ನಾನು ಮೈಕ್ ರೂಮಿಗೆ ಓಡಿ, ಕೂರದೆ ನಿಂತುಕೊಂಡೇ ಸ್ಕ್ರಿಪ್ಟು ತೆಗೆದೆ. ಗಡಿಯಾರ ನೋಡುವ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ, ಎಂಟರ್ ಒತ್ತುವವರೆಗೆ ಕಾಯಬೇಕು, ಒತ್ತದಿದ್ದರೆ ಯಾವ ಪ್ರೋಗ್ರಾಮನ್ನೂ ಕರೆಯಕೂಡದು ಅಂತ ಬರೆದೆ. ಅಷ್ಟು ಸಿಟ್ಟಿನಲ್ಲೂ ಒಂದಕ್ಷರ ತಪ್ಪಲಿಲ್ಲ.

"ಒತ್ತೋದು ಯಾರು?" ಅಂತ ಬಾಗಿಲಲ್ಲಿ ನಿಂತು ಕೇಳಿದರು ಗಿರಿಧರಣ್ಣ.

"ಬಸ್ಸು ನೋಡಿದವ್ರು" ಅಂದೆ.

ಅವರು ತಾವೇ ಮೂಲೆಯಿಂದ ಕುರ್ಚಿ ಎಳೆದು ಕಿಟಕಿಯ ಎದುರಿಗಿಟ್ಟು, "ಕೂತ್ಕ ಮಾಸ್ತಪ್ಪ" ಅಂದರು.

ಐದೂ ಇಪ್ಪತ್ತೆರಡಕ್ಕೆ ತೀರ್ಥಹಳ್ಳಿ ಬಸ್ಸು ಒಳಗೆ ಬಂದು ಎರಡನೇ ಅಂಕಣದಲ್ಲಿ ನಿಂತಿತು. ಮಾಸ್ತಪ್ಪಣ್ಣ ಅದರ ಬೋರ್ಡನ್ನು ನೋಡಿದರು, ಡ್ರೈವರನ್ನು ನೋಡಿದರು, ಕಂಬದ ಪಕ್ಕ ನಿಂತಿದ್ದ ಕನ್ನಮ್ಮನನ್ನು ನೋಡಿದರು. ಉಸಿರು ಎಳೆದುಕೊಂಡು ಎಂಟರ್ ಒತ್ತಿದರು. ಸ್ಪೀಕರಿನಲ್ಲಿ ಕೋಣಂದೂರು ಅಂತ ಬಂದಾಗ ಅವರ ತುಟಿಯೂ ಅದರ ಜೊತೆಗೇ ಕೋಣಂದೂರು ಅಂದಿತು. ಕನ್ನಮ್ಮ ಬಸ್ಸು ಹತ್ತಿದಳು.