ಕೊನೆಯಿಂದ ಓದಿದ ಷರತ್ತು

ಪ್ರೆಸ್ಸಿನಲ್ಲಿ ನನಗೆ ಹದ್ದು ಎಂದು ಅಡ್ಡಹೆಸರು. ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ಪುಟದ ಮೂಲೆಯಲ್ಲಿ ಒಂದು ಚುಕ್ಕೆ ಬಿಟ್ಟುಹೋಗಿದ್ದರೂ ಗಬಕ್ಕನೆ ಹಿಡಿಯುತ್ತಿದ್ದೆ. ಆ ಹೆಸರು ಕೇಳಿ ಹಿಗ್ಗುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ನನ್ನ ಕೋಣೆ ಮೆಟ್ಟಿಲ ಕೆಳಗಿತ್ತು. ಒಂದು ಮೇಜು, ಒಂದು ಟ್ಯೂಬ್‌ಲೈಟು, ಅಂಚು ಸವೆದ ಮರದ ಸ್ಕೇಲು, ಕೆಂಪು ಪೆನ್ನು. ಮೇಲೆ ಯಾರಾದರೂ ಹತ್ತಿ ಇಳಿದರೆ ನನ್ನ ತಲೆಯ ಮೇಲೇ ನಡೆದಂತಾಗುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಯಾವುದೋ ವಾಕ್ಯ ಅರ್ಥವಾಗದೆ ಮಾಲೀಕರ ಬಳಿ ಹೋಗಿ ಕೇಳಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, “ಅರ್ಥ ಬರೆದವನ ತಲೆನೋವು ಕಣಯ್ಯಾ. ನಿನಗೆ ಸಂಬಳ ಕೊಡೋದು ಅಕ್ಷರಕ್ಕೆ,” ಎಂದರು. ಅಂದಿನಿಂದ ನಾನು ಯಾರನ್ನೂ ಏನನ್ನೂ ಕೇಳಲಿಲ್ಲ.

ನನ್ನದೇ ಒಂದು ಪದ್ಧತಿಯೂ ಇತ್ತು. ದಪ್ಪ ಅಕ್ಷರಗಳನ್ನು ಎಲ್ಲರೂ ಓದುವ ಹಾಗೆ ಓದಬಹುದು. ಇರುವೆ ಸಾಲಿನಂಥ ಸಣ್ಣ ಅಕ್ಷರಗಳನ್ನು ಹಾಗೆ ಓದಿದರೆ ಕೆಟ್ಟೆವು. ಅರ್ಥ ಸಿಕ್ಕಿದ ಕೂಡಲೇ ಮನಸ್ಸು ಓಟ ಕೀಳುತ್ತದೆ, ಕಣ್ಣು ನೋಡುವ ಮೊದಲೇ ಮುಂದಿನ ಪದವನ್ನು ಊಹಿಸಿಬಿಡುತ್ತದೆ. ತಪ್ಪು ಆ ಸಂದಿಯಲ್ಲೇ ನುಸುಳುವುದು. ಹಾಗಾಗಿ ಸಣ್ಣ ಅಕ್ಷರಗಳನ್ನು ನಾನು ಕೊನೆಯ ಪದದಿಂದ ಶುರುಮಾಡಿ, ಸ್ಕೇಲು ಇಟ್ಟು, ಒಂದೊಂದೇ ಪದವಾಗಿ ಹಿಂದಕ್ಕೆ ಓದುತ್ತಿದ್ದೆ. ಅರ್ಥ ಹತ್ತಿರ ಸುಳಿಯುತ್ತಿರಲಿಲ್ಲ. ಹಾಗೆ ನೋಡಿದ ಪುಟದಲ್ಲಿ ಒಂದೇ ಒಂದು ತಪ್ಪನ್ನು ಯಾರೂ ಹುಡುಕಿ ತೋರಿಸಿಲ್ಲ.

ಪ್ರೆಸ್ಸು ಮುಚ್ಚಿತು. ಮಾಲೀಕರು ಮಾತಿಗೆ ತಪ್ಪದೆ ಒಂದು ಗಂಟು ಕೊಟ್ಟರು. ಮನೆ ಬಾಡಿಗೆಯದು, ಮಕ್ಕಳಿಲ್ಲ. ನನ್ನ ಹೆಂಡತಿ ಟೈಲರ್ ಅಂಗಡಿಯೊಂದಕ್ಕೆ ಮನೆಯಲ್ಲೇ ಕುಳಿತು ಗುಂಡಿ ಹಚ್ಚಿ ಕಾಜಾ ಹಾಕಿಕೊಡುತ್ತಾಳೆ. ಬೆಳಿಗ್ಗೆ ಅವಳಿಗೆ ಹತ್ತು ಸೂಜಿಗೆ ದಾರ ಪೋಣಿಸಿ ಕಿಟಕಿಯ ಪಕ್ಕದ ದಿಂಬಿಗೆ ಚುಚ್ಚಿಡುವುದು ನನ್ನ ಕೆಲಸ. ಹದ್ದಿನ ಕಣ್ಣಿನಿಂದ ಮನೆಗೆ ಆದ ಉಪಕಾರ ಅದೊಂದೇ. ಆ ಗಂಟು ಬಿಟ್ಟರೆ ನಮ್ಮ ಮುಪ್ಪಿಗೆ ಬೇರೆ ದಿಕ್ಕಿರಲಿಲ್ಲ.

ಸುದ್ದಿ ತಿಳಿದ ಮೂರನೇ ದಿನ ನನ್ನ ಅಕ್ಕನ ಮಗ ಬಂದ. ವಿಮಾ ಕಂಪನಿಯೊಂದರ ಹೂಡಿಕೆ ಯೋಜನೆಗಳನ್ನು ಮಾರುವ ಏಜೆಂಟು. ಸೆಖೆ ಎಷ್ಟಿದ್ದರೂ ಟೈ ಬಿಚ್ಚುವವನಲ್ಲ. ಅವನು ಚೀಲದಿಂದ ತೆಗೆದ ಪುಸ್ತಿಕೆಯನ್ನು ನೋಡಿ ನನಗೆ ನಗು ಬಂತು. ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ಹಿಂದಿನ ವರ್ಷ ನನ್ನ ಕೈಯಲ್ಲೇ ಹಾದುಹೋಗಿತ್ತು.

“ಮಾವಾ, ಬ್ಯಾಂಕಲ್ಲಿಟ್ರೆ ಏನು ಸಿಗುತ್ತೆ, ಮಣ್ಣು! ಇದರಲ್ಲಿ ಹಾಕಿ, ಆಮೇಲೆ ನೋಡಿ,” ಎಂದ.

ಹೆಂಡತಿ ಅಂಗಿಯ ತೋಳಿನಿಂದ ತಲೆ ಎತ್ತದೆ ಕೇಳಿದಳು, “ನಡುವೆ ಏನಾದ್ರೂ ಕಷ್ಟ ಬಂದ್ರೆ ವಾಪಸ್ ಕೊಡ್ತಾರಾ?”

“ಕಷ್ಟ ಯಾಕೆ ಬರುತ್ತೆ ಅತ್ತೆ? ಒಳ್ಳೇದೇ ಮಾತಾಡಿ.”

“ಅದು ಸರಿ. ಇದರಲ್ಲಿ ನಿನಗೆಷ್ಟು ಸಿಗುತ್ತೆ?”

ಅವನು ಟೈ ಸರಿಮಾಡಿಕೊಂಡ. ಅವಳು ಬಿಡಲಿಲ್ಲ. “ಅಷ್ಟೂ ದುಡ್ಡು ಒಂದೇ ಕಡೆ ಯಾಕೆ ಹಾಕ್ಬೇಕು? ಅರ್ಧ ಬ್ಯಾಂಕಲ್ಲಿ ಇದ್ರೆ ಆಗಲ್ವಾ?”

ಅಳಿಯನ ಮುಂದೆ ನನಗೆ ಮೈಯೆಲ್ಲ ಉರಿಯಿತು. ಅಕ್ಷರದ ನಡುವೆ ಬದುಕಿದವನ ಹೆಂಡತಿ ಹೀಗೆ ಎಳೆ ಮಗುವಿನ ಹಾಗೆ ಕೇಳುವುದೇ ಎಂದು. “ಸುಮ್ನಿರೇ! ಕಾಜಾ ಹಾಕೋದಷ್ಟು ಸುಲಭ ಅಲ್ಲ ಇದು. ಈ ಪುಸ್ತಕಾನ ಅಕ್ಷರ ಅಕ್ಷರ ಓದಿರೋನು ನಾನು,” ಎಂದು ಗದರಿಸಿದೆ. ಅವಳು ಇನ್ನೊಂದು ಗುಂಡಿ ಎತ್ತಿಕೊಂಡಳು. ಅವನು ತೋರಿಸಿದ ಕಡೆಯೆಲ್ಲ ನಾನು ಸಹಿ ಹಾಕಿದೆ. ಅಳಿಯ ಕಾಲಿಗೆ ನಮಸ್ಕರಿಸಿ ಹೋದ. ಅವನನ್ನು ಬೈದು ಪ್ರಯೋಜನವಿಲ್ಲ, ಅವನೂ ಆ ಪುಸ್ತಿಕೆಯ ಸಣ್ಣ ಅಕ್ಷರಗಳನ್ನು ಓದಿದವನಲ್ಲ.

ಹದಿನಾಲ್ಕು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅವಳು ನೀರಿನ ಬಕೆಟ್ಟು ಎತ್ತಲು ಹೋಗಿ ಏದುಸಿರು ಬಿಡುತ್ತಾ ಗೋಡೆಗೆ ಒರಗಿ ಕೂತಳು. ತುಟಿ ಬೆಳ್ಳಗಾಗಿತ್ತು. ಆಸ್ಪತ್ರೆಯಲ್ಲಿ ಎದೆಯ ಮೇಲೆ ಏನೇನೋ ಇಟ್ಟು ನೋಡಿದ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಹೃದಯದ ವಾಲ್ವ್ ಕೆಟ್ಟಿದೆ, ಬದಲಾಯಿಸಬೇಕು. “ಆಪರೇಷನ್ ಆಗದೇ ಇದ್ರೆ ವರ್ಷ ದಾಟೋದು ಕಷ್ಟ,” ಎಂದರು. ಉಚಿತವಾಗಿ ಮಾಡುವ ದೊಡ್ಡಾಸ್ಪತ್ರೆಯ ಪಟ್ಟಿಯಲ್ಲಿ ಅವರ ಮೂಲಕವೇ ಹೆಸರು ಬರೆಸಿದೆ. ಅಲ್ಲಿ ಸರದಿ ಬರಲು ಒಂದೂವರೆ ವರ್ಷವಂತೆ. ಹೊರಗೆ ಬೆಂಚಿನ ಮೇಲಿದ್ದವಳು, “ಏನಂದ್ರು?” ಎಂದಳು. “ಮಾತ್ರೆ ಸಾಕಂತೆ. ನಿಧಾನವಾಗಿ ಒಂದು ಸಣ್ಣ ಆಪರೇಷನ್ ಮಾಡಿಸಿದ್ರೆ ಒಳ್ಳೇದಂತೆ,” ಎಂದೆ. ದುಡ್ಡು ನಮ್ಮದಿದೆಯಲ್ಲ ಎಂಬ ಧೈರ್ಯ. ಎರಡು ದಿನದಲ್ಲಿ ತೆಗೆದರಾಯಿತು, ಅವಳನ್ನೇಕೆ ಹೆದರಿಸುವುದು ಎಂದುಕೊಂಡೆ.

ಮರುದಿನವೇ ಕಂಪನಿಯ ಕಚೇರಿಗೆ ಹೋದೆ. ಅಳಿಯ ಆ ಕೆಲಸ ಬಿಟ್ಟು ಆರು ತಿಂಗಳಾಗಿತ್ತಂತೆ. ಗಾಜಿನ ಕೌಂಟರಿನ ಹಿಂದೆ ನಡುವಯಸ್ಸಿನ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ. ನನ್ನ ಕಾಗದ ನೋಡಿ, “ಈಗ ತೆಗೆಯೋಕೆ ಬರಲ್ಲ ಯಜಮಾನ್ರೇ,” ಎಂದರು.

“ನನ್ನ ದುಡ್ಡು ಅಲ್ವೇನಮ್ಮಾ?”

“ನಿಮ್ದೇ. ಆದ್ರೆ ಐದು ವರ್ಷ ಆಗ್ಬೇಕು.”

“ಅದರ ಮೇಲೆ ಸಾಲ?”

“ಈ ಯೋಜನೆಗೆ ಸಾಲ ಇಲ್ಲ.”

ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಮೂವತ್ತೊಂದು ವರ್ಷ ಕಟ್ಟಿಟ್ಟ ಪ್ರಶ್ನೆಗಳೆಲ್ಲ ಅಲ್ಲಿಯೇ ನನ್ನ ಬಾಯಿಂದ ಒಂದೊಂದಾಗಿ ಬಿದ್ದವು. “ನಾನು ಕೊಟ್ಟ ದುಡ್ಡು ಈಗ ಎಲ್ಲಿದೆ?”

ಆಕೆ ಒಳ್ಳೆಯವರು. ಮುಖ ಸಿಂಡರಿಸಲಿಲ್ಲ. “ಸ್ವಲ್ಪ ವಿಮೆಗೆ ಹೋಗಿದೆ, ಸ್ವಲ್ಪ ಖರ್ಚಿಗೆ. ಮಿಕ್ಕಿದ್ದು ಷೇರಲ್ಲಿದೆ. ಏರುತ್ತೆ, ಇಳಿಯುತ್ತೆ.”

“ಈಗ?”

“ಸ್ವಲ್ಪ ಇಳಿದಿದೆ.”

“ಮಾರಿದವನಿಗೆ ಇದರಲ್ಲಿ ಏನಾದ್ರೂ ಹೋಗಿರುತ್ತಾ?”

“ಇಲ್ದೆ ಇರುತ್ತಾ? ಮೊದಲನೇ ವರ್ಷನೇ ಜಾಸ್ತಿ.”

“ಬ್ಯಾಂಕಲ್ಲಿ ಠೇವಣಿ ಇಟ್ಟಿದ್ರೆ?”

“ಬಡ್ಡಿ ಕಮ್ಮಿ. ಆದ್ರೆ ಇವತ್ತು ಕೇಳಿದ್ರೆ ಇವತ್ತೇ ಸಿಕ್ತಿತ್ತು.”

“ಅರ್ಧ ಅಲ್ಲಿ, ಅರ್ಧ ಇಲ್ಲಿ ಇಡಬಹುದಿತ್ತಾ?”

“ಧಾರಾಳವಾಗಿ ಇಡಬಹುದಿತ್ತು. ಕಷ್ಟಕಾಲಕ್ಕೆ ಅಂತ ಒಂದಿಷ್ಟು ಕೈಗೆ ಸಿಗೋ ಹಾಗೆ ಇಟ್ಟು, ಮಿಕ್ಕಿದ್ದನ್ನ ಇಂಥದ್ದಕ್ಕೆ ಹಾಕ್ಬೇಕು. ನೀವು ಆಗ ಕೇಳ್ಲಿಲ್ವಾ?”

ಕೇಳಿದ್ದು ನಾನಲ್ಲ. ತೋಳಿಗೆ ಗುಂಡಿ ಹಚ್ಚುತ್ತಾ ಕುಳಿತವಳು ಇದನ್ನೇ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕೇಳಿದ್ದಳು. ಹತ್ತು ನಿಮಿಷದಲ್ಲಿ, ಒಂದು ಕೌಂಟರಿನ ಮುಂದೆ, ಯಾವ ಪುಸ್ತಕವೂ ಇಲ್ಲದೆ ನನಗೆ ಅಷ್ಟೂ ತಿಳಿದುಹೋಯಿತು. ತಿಳಿದದ್ದರಿಂದ ನಯಾಪೈಸೆಯ ಉಪಯೋಗವಿರಲಿಲ್ಲ.

ಆಕೆ ಪುಸ್ತಿಕೆಯ ಕೊನೆಯ ಪುಟ ತೆರೆದು ಹದಿನಾಲ್ಕನೆಯ ಷರತ್ತಿನ ಮೇಲೆ ಬೆರಳಿಟ್ಟರು. ನೋಡಿದ ತಕ್ಷಣ ಗುರುತು ಹತ್ತಿತು. ‘ಇಚ್ಛಿಸಿದಲ್ಲಿ’ ಎಂಬುದರ ಮುಂದಿದ್ದ ಅಲ್ಪವಿರಾಮ ನಾನು ಹಾಕಿದ್ದು. ಕರಡಿನಲ್ಲಿ ಅದಿರಲಿಲ್ಲ. ಕೆಂಪು ಪೆನ್ನಿನಿಂದ ಅದನ್ನು ಹಾಕಿ, ಮಾಲೀಕರಿಂದ ಭೇಷ್ ಅನ್ನಿಸಿಕೊಂಡಿದ್ದೆ. ಆಕೆ ಕುಡಿಯಲು ನೀರು ತರಿಸಿಕೊಟ್ಟರು.

ನಂತರ ಸಾಲಕ್ಕೆ ಅಲೆದೆ. ಬ್ಯಾಂಕಿನವರು ವಯಸ್ಸು ಕೇಳಿದರು, ಸಂಬಳ ಕೇಳಿದರು, ಕಾಗದ ವಾಪಸು ಕೊಟ್ಟರು. ಮಾಲೀಕರು ಮಗನ ಊರಿಗೆ ಹೋಗಿದ್ದರು. ಅಳಿಯ ಫೋನಿನಲ್ಲಿ ಅತ್ತ, ಒಂದು ತಿಂಗಳ ಮಾತ್ರೆಗಾಗುವಷ್ಟು ಕಳಿಸಿದ. ನಾಲ್ಕನೆಯ ದಿನ ಮಧ್ಯಾಹ್ನ ಬರಿಗೈಯಲ್ಲಿ ಮನೆಗೆ ಬಂದೆ.

ಅವಳು ಕಿಟಕಿಯ ಪಕ್ಕ ದಿಂಬಿಗೆ ಒರಗಿ ಶಾಲೆಯ ಸಮವಸ್ತ್ರದ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಎರಡು ಗುಂಡಿಗೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ನನ್ನ ಮುಖ ನೋಡಿ, “ಕೊಡಲ್ವಂತಾ?” ಎಂದಳು.

“ಇಲ್ಲ.”

“ಯಾಕಂತೆ? ಅದರಲ್ಲಿ ಬರೆದಿದೆಯಾ?”

“ಬರೆದಿದೆ.”

“ಓದಿ ನೋಡೋಣ.”

ಕಪಾಟಿನಿಂದ ಪುಸ್ತಿಕೆ ತಂದೆ. ಅವಳ ಎದುರು ಸ್ಟೂಲಿನ ಮೇಲೆ ಕೂತು ಮೊದಲ ಬಾರಿಗೆ ಆ ಷರತ್ತನ್ನು ಮೊದಲ ಪದದಿಂದ ಓದಿದೆ. “ಗ್ರಾಹಕರು ಮೊದಲ ಐದು ವರ್ಷಗಳೊಳಗೆ ಯೋಜನೆಯಿಂದ ಹೊರಬರಲು ಇಚ್ಛಿಸಿದಲ್ಲಿ, ವೆಚ್ಚಗಳನ್ನು ಕಳೆದು ಉಳಿಯುವ ಮೊತ್ತವನ್ನು ಐದನೆಯ ವರ್ಷದ ಕೊನೆಯಲ್ಲಿ ಮಾತ್ರ ನೀಡಲಾಗುವುದು.”

ಅವಳು ಮುಂದಿನದಕ್ಕೆ ಕಾದಳು. “ಅಷ್ಟೇನಾ?”

“ಅಷ್ಟೇ.”

“ಇದು ನನಗೂ ಅರ್ಥ ಆಯ್ತಲ್ರೀ,” ಎಂದಳು. ಅವಳ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು. ಇಷ್ಟು ವರ್ಷ ನನ್ನ ಕೆಲಸ ಅವಳ ಕೈಗೆಟುಕದ್ದು ಎಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವಂತೆ ಮಾಡಿದ್ದವನೂ ನಾನೇ. ಅಲ್ಲಿಯೇ ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು.

“ಐದನೇ ವರ್ಷದ ಕೊನೆ ಅಂದ್ರೆ ಇನ್ನೆಷ್ಟು?”

“ಮೂರು ವರ್ಷ ಹತ್ತು ತಿಂಗಳು.”

ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿದಳು. ಅಂಗಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. “ಡಾಕ್ಟರು ನಿಮ್ಮೊಬ್ಬರನ್ನೇ ಒಳಗೆ ಕರೆದ್ರಲ್ಲ, ನನಗೆ ಎಷ್ಟು ಅಂದ್ರು?”

ಅವಳು ಕೇಳುವುದು ಯಾವಾಗಲೂ ಹೀಗೆಯೇ, ಒಂದೇ ಸಾಲಿನಲ್ಲಿ. ಈ ಸಲ ಗದರಿಸಿ ಬಾಯಿ ಮುಚ್ಚಿಸಲು ನನ್ನ ಬಳಿ ಏನೂ ಇರಲಿಲ್ಲ.

“ಒಂದು ವರ್ಷ,” ಎಂದೆ.

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಪುಸ್ತಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಣ್ಣ ಅಕ್ಷರಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

“ಇದರಲ್ಲಿ ತಪ್ಪೇನೂ ಇಲ್ಲ ಅಲ್ವಾ?”

“ಇಲ್ಲ,” ಎಂದೆ. “ಒಂದೂ ಇಲ್ಲ.”